ಕ್ರೀಮಿನ ಘಮದಲ್ಲಿ ಏನೇನಿದೆ, ನಮ್ಮ ಚರ್ಮಕ್ಕೆ ಅದು ಎಷ್ಟು ಸುರಕ್ಷಿತ?

ಬಳ್ಳಾರಿಯ ಬೆಂಗಳೂರು ರಸ್ತೆಯ ಯಾವುದಾದರೂ ಫ್ಯಾನ್ಸಿ ಸ್ಟೋರಿಗೆ ಹೋಗಿ ಮುಖದ ಕ್ರೀಮ್ ಕೇಳಿ. ಅಂಗಡಿಯವರು ಮೊದಲು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾರೆ. ವಾಸನೆ ಹಿಡಿಸಿದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನು ಓದುವವರು ಕಡಿಮೆ. ಓದಿದರೂ ಘಮದ ಬಗ್ಗೆ ಅಲ್ಲಿ ಸಿಗುವುದು ಹೆಚ್ಚಾಗಿ ಒಂದೇ ಪದ: ಪರ್ಫ್ಯೂಮ್. ಕೆಲವು ಡಬ್ಬಿಗಳ ಮೇಲೆ ಫ್ರಾಗ್ರೆನ್ಸ್ ಅಂತ ಇರುತ್ತದೆ.

ಆ ಒಂದು ಪದದ ಹಿಂದೆ ಹತ್ತಿಪ್ಪತ್ತು ರಾಸಾಯನಿಕಗಳು ಇರಬಹುದು, ನೂರೂ ಇರಬಹುದು. ಸಾರಿನ ಪುಡಿ ಪ್ಯಾಕೆಟ್ ಮೇಲೆ ಬರೀ ‘ಮಸಾಲೆ’ ಅಂತ ಬರೆದು, ಒಳಗೆ ಏನೇನು ಹಾಕಿದ್ದೇವೆ ಅಂತ ಹೇಳದೆ ಇದ್ದರೆ ಹೇಗೋ ಹಾಗೆ. ತಿನ್ನುವ ಪದಾರ್ಥದಲ್ಲಿ ಯಾರಿಗೋ ಒಂದು ವಸ್ತು ಆಗಿಬರದಿದ್ದರೆ ಅದನ್ನು ಹೆಸರು ಹಿಡಿದು ಬಿಡಬಹುದು. ಹೆಸರೇ ಗೊತ್ತಿಲ್ಲದ ಮೇಲೆ ಬಿಡೋದು ಹೇಗೆ? ಘಮದ ಮಿಶ್ರಣ ವ್ಯಾಪಾರದ ಗುಟ್ಟು ಅಂತ ಕಂಪನಿಗಳು ಹೇಳುತ್ತವೆ. ಇಡೀ ತೊಡಕು ಶುರುವಾಗುವುದು ಅಲ್ಲಿಂದಲೇ.

ಈ ವಿಷಯ ಬಂದರೆ ನಮ್ಮ ಕಡೆ ಎರಡು ಮಾತು ಕೇಳುತ್ತವೆ. ‘ಕೆಮಿಕಲ್ ಇರೋದೆಲ್ಲ ವಿಷ, ನ್ಯಾಚುರಲ್ ತಗೊಳ್ರಿ’ ಅನ್ನುವವರು ಕೆಲವರು. ‘ಅಷ್ಟು ದೊಡ್ಡ ಕಂಪನಿಯವರು ಸುಮ್ನೆ ಮಾರ್ತಾರೇನ್ರಿ’ ಅನ್ನುವವರು ಇನ್ನು ಕೆಲವರು. ನಾನು ಕೆಮಿಸ್ಟ್ರಿ ಪಾಠ ಹೇಳುವವಳು. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಘಮ ಹೂವಿನಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ ಅಂತ ಚರ್ಮ ಕೇಳುವುದಿಲ್ಲ. ಯಾವ ವಸ್ತು, ಎಷ್ಟು ಹಾಕಿದ್ದಾರೆ, ಎಷ್ಟು ಹೊತ್ತು ಮೈಮೇಲೆ ಉಳಿಯುತ್ತದೆ, ಇವಿಷ್ಟರ ಮೇಲೆ ಎಲ್ಲ ನಿಂತಿದೆ. ಜೊತೆಗೆ ನಮ್ಮಂಥ ಕಂದು ಚರ್ಮದವರು ತಿಳಿಯಲೇಬೇಕಾದ ಇನ್ನೊಂದು ವಿಷಯ ಇದೆ. ಜಾಹೀರಾತುಗಳಲ್ಲಿ ಅದು ಬರುವುದಿಲ್ಲ. ಅದಕ್ಕೆ ಈ ಲೇಖನದಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಡಗಲಿಯ ಮಲ್ಲಿಗೆ, ಫ್ಯಾಕ್ಟರಿಯ ಮಲ್ಲಿಗೆ

ಹಡಗಲಿ ಮಲ್ಲಿಗೆ ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಹೂವಿನ ಹಡಗಲಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಆದರೂ ಬಳ್ಳಾರಿಯವರಿಗೆ ಅದು ನಮ್ಮ ಹೂವೇ. ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿರುವ ಹೂವು ಅದು. ಒಂದು ಮೊಳ ಮುಡಿದರೆ ಮನೆಯೆಲ್ಲ ಘಮ್ ಅನ್ನುತ್ತದೆ. ಆ ಘಮ ಒಂದೇ ವಸ್ತುವಿನದಲ್ಲ. ಮಲ್ಲಿಗೆ ಜಾತಿಯ ಹೂಗಳ ವಾಸನೆಯಲ್ಲಿ ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಹೀಗೆ ಎಷ್ಟೋ ರಾಸಾಯನಿಕಗಳು ಸೇರಿಕೊಂಡಿರುತ್ತವೆ. ಇಂಡೋಲ್ ಒಂದನ್ನೇ ಗಟ್ಟಿಯಾಗಿ ಮೂಸಿದರೆ ಹೊಲಸು ನಾತ. ಹೂವಿನಲ್ಲಿ ಚೂರೇ ಚೂರು ಬೆರೆತಾಗ ಮಲ್ಲಿಗೆಗೆ ಮಲ್ಲಿಗೆತನ ಬರುವುದು ಅದರಿಂದಲೇ. ನನಗೆ ಇದು ಇಂದಿಗೂ ಅಚ್ಚರಿ.

ಹೂವಿನಿಂದಲೇ ಘಮ ತೆಗೆಯಬೇಕೆಂದರೆ ದುಬಾರಿ. ಮಲ್ಲಿಗೆಯ ಒಂದು ಕೆ.ಜಿ. ಸಾರಕ್ಕೆ ನೂರಾರು ಕೆ.ಜಿ. ಹೂವು ಬೇಕು. ಐವತ್ತು ರೂಪಾಯಿಯ ಪೌಡರಿಗೆ, ತಲೆಗೆಣ್ಣೆಗೆ ಅದನ್ನು ಹಾಕಲು ಸಾಧ್ಯವೇ ಇಲ್ಲ. ಹಾಗಾಗಿ ಪೌಡರಿನ ‘ಮಲ್ಲಿಗೆ’ ಬಹುಪಾಲು ಕಾರ್ಖಾನೆಯಲ್ಲಿ ಹುಟ್ಟಿದ್ದು. ಬೆಂಜೈಲ್ ಅಸಿಟೇಟನ್ನು ಅಗ್ಗವಾಗಿ ತಯಾರಿಸಬಹುದು. ಅದಕ್ಕೆ ಅಮೈಲ್ ಸಿನಮಾಲ್, ಹೆಕ್ಸೈಲ್ ಸಿನಮಾಲ್ ಥರದ ಒಂದೆರಡು ವಸ್ತು ಸೇರಿಸಿದರೆ ಮೂಗಿಗೆ ಮಲ್ಲಿಗೆ ಅನ್ನಿಸುತ್ತದೆ.

ಈ ಕಸುಬು ಹೊಸದೇನಲ್ಲ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ 1868ರಲ್ಲಿ ಕೂಮರಿನ್ ಅನ್ನುವ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಕೊಯ್ದು ಒಣಗಿಸಿದ ಹುಲ್ಲಿನಿಂದ ಬರುವ ಸಿಹಿ ವಾಸನೆ ಇದರದು. 1874ರಲ್ಲಿ ಜರ್ಮನಿಯಲ್ಲಿ ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ತಯಾರಾಯಿತು. 1882ರಲ್ಲಿ ಫ್ರಾನ್ಸಿನ ಒಂದು ಕಂಪನಿ ಕೃತಕ ಕೂಮರಿನ್ ಹಾಕಿದ ಸೆಂಟನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಘಮ ಶ್ರೀಮಂತರ ಸೊತ್ತಾಗಿ ಉಳಿಯಲಿಲ್ಲ. ಕೂಲಿ ಕೆಲಸದವರ ಮನೆಯಲ್ಲೂ ಪರಿಮಳದ ಸೋಪು ಇರುವುದಕ್ಕೆ ಈ ರಸಾಯನಶಾಸ್ತ್ರವೇ ಕಾರಣ. ಇದನ್ನು ಮರೆತು ಫ್ಯಾಕ್ಟರಿ ಘಮವನ್ನು ಬೈಯುವುದು ನ್ಯಾಯವಲ್ಲ ಅನ್ನಿಸುತ್ತದೆ ನನಗೆ.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಹೂವಿನ ಲಿನಲೂಲಿನ ಅಣುವಿಗೂ ಫ್ಯಾಕ್ಟರಿಯ ಲಿನಲೂಲಿನ ಅಣುವಿಗೂ ರಚನೆ ಒಂದೇ. ಒಂದು ನಿಮ್ಮ ಚರ್ಮಕ್ಕೆ ಆಗದಿದ್ದರೆ ಇನ್ನೊಂದೂ ಆಗುವುದಿಲ್ಲ. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಇದೆ. ದಾಲ್ಚಿನ್ನಿ ಎಣ್ಣೆಯಲ್ಲಿ ಸಿನಮಾಲ್ ಇದೆ. ಎರಡೂ ಅಲರ್ಜಿ ತರುವ ವಸ್ತುಗಳ ಪಟ್ಟಿಯಲ್ಲಿ ಬಹಳ ಹಿಂದಿನಿಂದ ಇವೆ. ಗಂಧದೆಣ್ಣೆ, ಮಲ್ಲಿಗೆ ಸಾರ, ಟೀ ಟ್ರೀ ಎಣ್ಣೆ ಇವೂ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ನೈಸರ್ಗಿಕ ಅಂತ ಬರೆದ ಎಣ್ಣೆಯನ್ನು ಬೇರೆ ಎಣ್ಣೆ ಸೇರಿಸದೆ ನೇರವಾಗಿ ಮುಖಕ್ಕೆ ಹಚ್ಚುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಕ್ರೀಮಿನಲ್ಲಿ ಘಮದ ಪಾಲು ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆ. ಆ ಶೀಶೆಯಲ್ಲಿರುವುದು ಪೂರ್ತಿ ಘಮದ ವಸ್ತುವೇ.

ಚರ್ಮದೊಳಗೆ ಏನು ನಡೆಯುತ್ತದೆ

ಘಮದ ಅಣುಗಳು ತುಂಬಾ ಸಣ್ಣವು. ಹಗುರವಾಗಿದ್ದರೆ ತಾನೇ ಹಾರಿ ಮೂಗಿಗೆ ಬರೋದು? ಅದೇ ಸಣ್ಣತನದಿಂದ ಅವು ಚರ್ಮದ ಮೇಲ್ಪದರ ದಾಟಿ ಒಳಗೂ ಹೋಗುತ್ತವೆ. ಅಣುತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ಇರುವ ವಸ್ತುಗಳು ಚರ್ಮದೊಳಗೆ ಇಳಿಯಬಲ್ಲವು ಅನ್ನೋದು ಚರ್ಮತಜ್ಞರ ಲೆಕ್ಕ. ಘಮದ ವಸ್ತುಗಳಲ್ಲಿ ಬಹುಪಾಲು 300ರ ಒಳಗೇ ಇರುತ್ತವೆ.

ಒಳಗೆ ಇಳಿದ ಅಣು ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಕೆಲವರಲ್ಲಿ ಅದು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನ ಶತ್ರು ಅಂತ ತಿಳಿಯುತ್ತದೆ. ಟಿ ಕಣಗಳು ಅನ್ನುವ ಬಿಳಿ ರಕ್ತಕಣಗಳು ಅದರ ಗುರುತು ಇಟ್ಟುಕೊಳ್ಳುತ್ತವೆ. ಇದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಈ ಹಂತದಲ್ಲಿ ಹೊರಗೆ ಏನೂ ಕಾಣುವುದಿಲ್ಲ, ತುರಿಕೆಯೂ ಇರುವುದಿಲ್ಲ. ಮತ್ತೆ ಅದೇ ವಸ್ತು ತಾಗಿದಾಗ ಕಣಗಳು ಗುರುತು ಹಿಡಿದು ದಾಳಿ ಮಾಡುತ್ತವೆ. ತುರಿಕೆ, ಗುಳ್ಳೆ, ಊತ ಕಾಣಿಸೋದು ಆಗ. ಅದೂ ಹಚ್ಚಿದ ತಕ್ಷಣ ಅಲ್ಲ. ಒಂದರಿಂದ ಮೂರು ದಿನ ಬಿಟ್ಟು.

ದೇಹ ಆಗಲೇ ಗುರುತು ಹಿಡಿದ ವಸ್ತು ಇರುವ ಹೊಸ ಲೋಷನ್ ಸೋಮವಾರ ಹಚ್ಚಿ, ಬುಧವಾರ ಕುತ್ತಿಗೆ ತುರಿಸಿದರೆ ಮಂಗಳವಾರ ತಿಂದ ಬದನೆಕಾಯಿ ಮೇಲೆ ತಪ್ಪು ಹೊರಿಸುತ್ತೇವೆ. ಹಚ್ಚಿದ್ದಕ್ಕೂ ತುರಿಸಿದ್ದಕ್ಕೂ ನಡುವೆ ಇಷ್ಟು ದಿನ ಇರುವುದರಿಂದ ಕಾರಣ ಹುಡುಕುವುದು ಕಷ್ಟ.

ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು: ‘ಹತ್ತು ವರ್ಷದಿಂದ ಇದೇ ಕ್ರೀಮ್ ಹಚ್ಚೀನಿ ಅಕ್ಕ, ಆಗ ಇಲ್ಲದ್ದು ಈಗ್ಯಾಕೆ?’ ಉತ್ತರ ಸರಳ. ದೇಹ ಆ ವಸ್ತುವಿನ ಗುರುತು ಹಿಡಿಯುವುದು ಮೊದಲ ತಿಂಗಳೂ ಆಗಬಹುದು, ಹತ್ತನೇ ವರ್ಷವೂ ಆಗಬಹುದು. ಒಮ್ಮೆ ಗುರುತು ಹಿಡಿದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಅಲರ್ಜಿಗೆ ಮಾತ್ರೆ ಕೊಟ್ಟು ವಾಸಿ ಮಾಡುವ ದಾರಿ ಇಲ್ಲ. ಆ ವಸ್ತುವಿನಿಂದ ದೂರ ಇರುವುದೇ ದಾರಿ.

ಹಚ್ಚಿದ ಕೆಲವೇ ನಿಮಿಷಕ್ಕೆ ಚುರುಚುರು ಉರಿದರೆ ಅದು ಬೇರೆ. ಅದು ಹೆಚ್ಚಾಗಿ ಅಲರ್ಜಿ ಅಲ್ಲ, ಬರೀ ಕೆರಳಿಕೆ. ಗಡ್ಡ ಬೋಳಿಸಿದ ಮೇಲೆ ಲೋಷನ್ ಹಾಕಿದಾಗ, ಬೆವರುಸಾಲೆ ಎದ್ದ ಬೆನ್ನಿಗೆ ಘಮದ ಪೌಡರ್ ಸುರಿದಾಗ ಆಗುವುದು ಅದೇ. ಚರ್ಮ ಹರಿದಿರುವ ಕಡೆ ಎಲ್ಲವೂ ಜಾಸ್ತಿ ಒಳಗೆ ಹೋಗುತ್ತದೆ. ಕಂಕುಳು, ತೊಡೆಸಂದಿಯಂಥ ಬೆವರುವ ಮಡಿಕೆಗಳಲ್ಲೂ ಹಾಗೆಯೇ.

ಯುರೋಪಿನ ತಜ್ಞರ ಸಮಿತಿಯ ಅಂದಾಜಿನಂತೆ ಅಲ್ಲಿನ ಜನರಲ್ಲಿ ನೂರಕ್ಕೆ 1ರಿಂದ 3 ಮಂದಿಗೆ ಘಮದ ವಸ್ತುಗಳ ಅಲರ್ಜಿ ಇದೆ. ಉಳಿದ 97ರಿಂದ 99 ಮಂದಿಗೆ ಈ ಅಲರ್ಜಿ ಇಲ್ಲ. ಹಾಗಾಗಿ ಮನೆಯ ಸೋಪು, ಪೌಡರ್ ಎಲ್ಲವನ್ನೂ ತಿಪ್ಪೆಗೆ ಎಸೆಯುವ ಅಗತ್ಯ ಇಲ್ಲ. ಆದರೆ ಒಂದು ಊರಿನಲ್ಲಿ ನೂರರಲ್ಲಿ ಇಬ್ಬರು ಅಂದರೆ ಸಣ್ಣ ಸಂಖ್ಯೆಯೂ ಅಲ್ಲ, ಅಲ್ವಾ?

ಕೆಂಪಾಗುವುದಿಲ್ಲ, ಕಪ್ಪಾಗುತ್ತದೆ

ಚರ್ಮದ ಅಲರ್ಜಿ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ. ಬಿಳಿ ಚರ್ಮದ ಮೇಲೆ ಕೆಂಪು ಕಲೆಗಳ ಚಿತ್ರಗಳೇ ಹೆಚ್ಚು ಬರುತ್ತವೆ. ನಮ್ಮ ಮುಖದಲ್ಲಿ ಆ ಕೆಂಪು ಅಷ್ಟು ಕಾಣುವುದಿಲ್ಲ. ಕೆಲವರಿಗೆ ತುರಿಕೆಯೂ ಇರುವುದಿಲ್ಲ. ಕೆನ್ನೆಯ ಪಕ್ಕ, ಹಣೆ, ಕುತ್ತಿಗೆಯಲ್ಲಿ ನಿಧಾನವಾಗಿ ಕಂದು, ಬೂದು, ಕಪ್ಪು ಛಾಯೆ ಹರಡುತ್ತಾ ಹೋಗುತ್ತದೆ. ವೈದ್ಯರು ಇದನ್ನು ಪಿಗ್ಮೆಂಟೆಡ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಅನ್ನುತ್ತಾರೆ. ರೀಲ್ಸ್ ಮೆಲನೋಸಿಸ್ ಅನ್ನುವ ಹೆಸರೂ ಇದೆ. ವಿಯೆನ್ನಾದ ವೈದ್ಯ ರೀಲ್ 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ ಇಂಥ ಕಪ್ಪು ಛಾಯೆಯನ್ನು ವಿವರಿಸಿದ್ದರಿಂದ ಬಂದ ಹೆಸರು ಅದು.

ಒಳಗೆ ಆಗುವುದು ಹೀಗೆ. ಅಲರ್ಜಿಯ ದಾಳಿ ಹೊರಪದರದ ಬುಡದಲ್ಲಿ ನಡೆಯುತ್ತದೆ. ಬಣ್ಣ ಕೊಡುವ ಮೆಲನಿನ್ ಇರುವುದು ಅಲ್ಲೇ. ಆ ಪದರ ಹಾಳಾದಾಗ ಮೆಲನಿನ್ ಕೆಳಗಿನ ಪದರಕ್ಕೆ ಸೋರುತ್ತದೆ. ಅಲ್ಲಿನ ಕಣಗಳು ಅದನ್ನು ನುಂಗಿ ಸುಮ್ಮನೆ ಕೂತುಬಿಡುತ್ತವೆ. ಮೇಲಿನ ಚರ್ಮ ಉದುರಿ ಹೊಸದು ಬಂದರೂ ಕೆಳಗೆ ಇಳಿದ ಬಣ್ಣ ಹೋಗುವುದಿಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಉಜ್ಜಿದರೆ, ಸ್ಕ್ರಬ್ ಹಾಕಿದರೆ ಅದು ಹೋಗುವ ಜಾಗದಲ್ಲೇ ಇಲ್ಲ.

ಈ ಕಾಯಿಲೆಯ ದೊಡ್ಡ ಪಾಠ ಸಿಕ್ಕಿದ್ದು ಜಪಾನಿನಲ್ಲಿ. 1970ರ ದಶಕದಲ್ಲಿ ಅಲ್ಲಿ ಬಹಳಷ್ಟು ಹೆಂಗಸರ ಮುಖ ಹೀಗೆ ಕಪ್ಪಾಯಿತು. ವೈದ್ಯರು ಅವರು ಹಚ್ಚುವ ಒಂದೊಂದೇ ವಸ್ತುವನ್ನು ಪರೀಕ್ಷಿಸುತ್ತಾ ಹೋದರು. ಕೆಲವು ಬಣ್ಣಗಳು ಸಿಕ್ಕಿಬಿದ್ದವು. ಅವುಗಳ ಜೊತೆ ಸಿಕ್ಕಿಬಿದ್ದದ್ದು ಘಮದ ವಸ್ತುಗಳು. ಅದರಲ್ಲಿ ಹೈಡ್ರಾಕ್ಸಿಸಿಟ್ರೊನೆಲಾಲ್‌ನಂಥ ಕೃತಕ ವಸ್ತುವೂ ಇತ್ತು, ಮಲ್ಲಿಗೆ ಸಾರದಂಥ ಹೂವಿನ ವಸ್ತುವೂ ಇತ್ತು. ಆ ವಸ್ತುಗಳಿಲ್ಲದ ಸೋಪು, ಕ್ರೀಮ್ ಕೊಟ್ಟ ಮೇಲೆ ರೋಗಿಗಳ ಮುಖ ನಿಧಾನವಾಗಿ ತಿಳಿಯಾಯಿತು. ಕಂಪನಿಗಳೂ ಅವುಗಳ ಬಳಕೆ ಕಡಿಮೆ ಮಾಡಿದವು. ಹೊಸ ರೋಗಿಗಳ ಸಂಖ್ಯೆ ಇಳಿಯಿತು.

ನಮ್ಮ ದೇಶದಲ್ಲೂ ಇದು ಗೊತ್ತಿರುವ ಕಾಯಿಲೆ. ಬಾಟಲಿಯ ದ್ರವ ಕುಂಕುಮ, ಕೆಲವು ಪುಡಿ ಕುಂಕುಮಗಳಿಂದ ಹಣೆಯ ನಡುವೆ ಕಪ್ಪು ಕಲೆ ಬಿದ್ದ ಅವ್ವಂದಿರನ್ನು ನೀವೂ ನೋಡಿರುತ್ತೀರಿ. ಅಲ್ಲಿ ಬಣ್ಣದ ಪಾಲೂ ಇದೆ, ಘಮದ ಪಾಲೂ ಇದೆ.

ನನ್ನನ್ನು ಕಾಡುವುದು ಮುಂದಿನ ಭಾಗ. ಮುಖ ಕಪ್ಪಾದಾಗ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಬಿಸಿಲಿಗೆ ಆಗಿದೆ ಅಂದುಕೊಳ್ಳುತ್ತಾರೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಬಿಸಿಲಿನ ಮೇಲೆ ಅನುಮಾನ ಬರುವುದು ಸಹಜವೇ. ಇಲ್ಲವಾದರೆ ‘ಬಂಗು’ ಅನ್ನುತ್ತಾರೆ. ಬಿಳಿಯಾಗಿಸುತ್ತೇವೆ ಅನ್ನುವ ಇನ್ನೊಂದು ಕ್ರೀಮ್ ತರುತ್ತಾರೆ. ಅದರಲ್ಲೂ ಘಮ ಇರುತ್ತದೆ. ಕಪ್ಪು ಇನ್ನೂ ಹೆಚ್ಚುತ್ತದೆ. ಮತ್ತೊಂದು ಡಬ್ಬಿ ಬರುತ್ತದೆ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಯ ಮನೆಯಲ್ಲಿ ಈ ಸುತ್ತು ಎಷ್ಟು ನೋವು ಕೊಡುತ್ತದೆ ಅಂತ ಬರೆದು ತಿಳಿಸಲಾರೆ. ಕಾರಣ ಮೈಬಣ್ಣವಲ್ಲ, ಹುಡುಗಿಯ ತಪ್ಪಂತೂ ಅಲ್ಲವೇ ಅಲ್ಲ. ಡಬ್ಬಿಯೊಳಗಿನ ಹೆಸರಿಲ್ಲದ ಒಂದು ವಸ್ತು.

ಇದೇ ಸುತ್ತಿನಲ್ಲಿ ಘಮಕ್ಕಿಂತ ದೊಡ್ಡ ಅಪಾಯಗಳೂ ಬರುತ್ತವೆ. ಡಾಕ್ಟರ್ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಸ್ಟೆರಾಯ್ಡ್ ಸೇರಿದ ಕ್ರೀಮ್ ಒಂದು. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಕಾಣುವಂತಾಗಿ, ಬಿಟ್ಟರೆ ಉರಿಯುತ್ತದೆ. ಇನ್ನೊಂದು ಪಾದರಸ. ಭಾರತದ ನಿಯಮದಂತೆ ಮುಖದ ಕ್ರೀಮಿಗೆ ಪಾದರಸ ಹಾಕುವಂತಿಲ್ಲ. ಗೊತ್ತಿಲ್ಲದೆ ಸೇರಿಕೊಂಡರೂ ಹತ್ತು ಲಕ್ಷ ಭಾಗಕ್ಕೆ 1 ಭಾಗ ಮೀರುವಂತಿಲ್ಲ. ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್ ಇಲ್ಲದ ಬೆಳ್ಳಗಾಗುವ ಕ್ರೀಮನ್ನು ಜಾತ್ರೆಯಲ್ಲಾಗಲಿ ಸಂತೆಯಲ್ಲಾಗಲಿ ಮುಟ್ಟಬೇಡಿ. ಘಮದ ಮಾತು ಆಮೇಲೆ.

ಗಾಳಿ ಮತ್ತು ಬಿಸಿಲು

ಲಿನಲೂಲ್, ಲಿಮೊನೀನ್ ಇವೆರಡು ಘಮದ ಲೋಕದಲ್ಲಿ ಎಲ್ಲೆಲ್ಲೂ ಇವೆ. ಲಿನಲೂಲ್ ಲ್ಯಾವೆಂಡರಿನಲ್ಲಿ, ಕೊತ್ತಂಬರಿ ಬೀಜದಲ್ಲಿ ಇದೆ. ಲಿಮೊನೀನ್ ಕಿತ್ತಳೆ, ನಿಂಬೆ ಸಿಪ್ಪೆಯಲ್ಲಿದೆ. ಹೊಸದಾಗಿ ಇರುವಾಗ ಇವು ಅಷ್ಟೇನೂ ಅಲರ್ಜಿ ತರುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರುತ್ತಾ ಹೋದಂತೆ ಹೈಡ್ರೊಪೆರಾಕ್ಸೈಡ್ ಅನ್ನುವ ವಸ್ತುಗಳಾಗಿ ಬದಲಾಗುತ್ತವೆ. ಅಲರ್ಜಿ ತರುವುದು ಮುಖ್ಯವಾಗಿ ಅವು. ಬಿಸಿ ಹೆಚ್ಚಿದಷ್ಟೂ ಈ ಬದಲಾವಣೆಗೆ ವೇಗ ಬರುತ್ತದೆ.

ನಮ್ಮ ಊರುಗಳಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. ತಗಡಿನ ಮನೆಯ ಗೂಡಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಕಿಟಕಿ ಕಟ್ಟೆಯ ಮೇಲೆ ಇಟ್ಟ ಲೋಷನ್ ಬೇಸಿಗೆಯಿಡೀ ಬೇಯುತ್ತದೆ. ದೊಡ್ಡ ಬಾಟಲಿ ಅಗ್ಗ ಅಂತ ತಂದು ಎರಡು ವರ್ಷ ಇಟ್ಟುಕೊಳ್ಳುವುದಕ್ಕಿಂತ ಚಿಕ್ಕದು ತಂದು ಬೇಗ ಮುಗಿಸುವುದು ಒಳ್ಳೆಯದು. ಮುಚ್ಚಳ ಬಿಗಿಯಾಗಿ ಹಾಕಿ, ತಣ್ಣಗಿನ ಕತ್ತಲೆ ಜಾಗದಲ್ಲಿಡಿ. ವಾಸನೆ ಬದಲಾಗಿದೆ ಅನ್ನಿಸಿದರೆ ಎಸೆದುಬಿಡಿ.

ಬಿಸಿಲಿನ ಕತೆ ಬೇರೆ. ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ವಸ್ತು ಇರುತ್ತದೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಹಿಂದೆ ಸೆಂಟು ಹಾಕಿಕೊಂಡವರ ಕುತ್ತಿಗೆಯಲ್ಲಿ ಹನಿ ಇಳಿದ ಆಕಾರದಲ್ಲೇ ಕಲೆ ಬೀಳುತ್ತಿತ್ತು. ಈಗ ಫ್ಯಾಕ್ಟರಿಯಲ್ಲಿ ಬರ್ಗಾಪ್ಟೆನ್ ತೆಗೆದ ಎಣ್ಣೆಯನ್ನು ಬಳಸುತ್ತಾರೆ. ಹಣ್ಣಿನಿಂದ ನೇರವಾಗಿ ಬಂದದ್ದಕ್ಕಿಂತ ಫ್ಯಾಕ್ಟರಿ ದಾಟಿ ಬಂದದ್ದೇ ಇಲ್ಲಿ ಸುರಕ್ಷಿತ. ನಿಂಬೆಹಣ್ಣಿನಲ್ಲೂ ಇದೇ ಕುಟುಂಬದ ವಸ್ತುಗಳಿವೆ, ಸಿಪ್ಪೆಯಲ್ಲಿ ಜಾಸ್ತಿ. ನಿಂಬೆ ಹೋಳಿನಿಂದ ಮುಖ ಉಜ್ಜಿಕೊಂಡು ಬಿಸಿಲಿಗೆ ಹೋಗುವುದು ನಮ್ಮ ಕಡೆ ಎಷ್ಟೊಂದು ಮನೆಗಳಲ್ಲಿ ಇದೆ! ದಯವಿಟ್ಟು ಬಿಡಿ.

ಮಿತಿ ಹಾಕುವವರು ಯಾರು

ಘಮದ ಉದ್ಯಮಕ್ಕೆ ಇಫ್ರಾ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆ ಇದೆ. 1973ರಲ್ಲಿ ಶುರುವಾಯಿತು. ಯಾವ ವಸ್ತುವನ್ನು ಯಾವ ಥರದ ಉತ್ಪನ್ನಕ್ಕೆ ಎಷ್ಟರ ಮಟ್ಟಿಗೆ ಹಾಕಬಹುದು, ಯಾವುದನ್ನು ಹಾಕಲೇಬಾರದು ಅಂತ ಅದು ಹೇಳುತ್ತದೆ. ಕಂಕುಳಿಗೆ ಹಾಕುವುದಕ್ಕೆ ಒಂದು ಮಿತಿ, ಮುಖದ ಕ್ರೀಮಿಗೆ ಒಂದು, ತೊಳೆದುಹೋಗುವ ಶಾಂಪೂಗೆ ಇನ್ನೊಂದು. ಕೆಲಸ ಒಳ್ಳೆಯದೇ. ಆದರೆ ಇದು ಕಂಪನಿಗಳೇ ಕಟ್ಟಿಕೊಂಡ ಸಂಸ್ಥೆ ಅನ್ನುವುದನ್ನು ಮರೆಯಬಾರದು.

ಕಾನೂನಿನ ಮೂಲಕ ಹೆಚ್ಚು ಬಿಗಿ ಮಾಡಿರುವುದು ಯುರೋಪಿಯನ್ ಒಕ್ಕೂಟ. 2005ರಿಂದ ಅಲ್ಲಿ 26 ಘಮದ ವಸ್ತುಗಳ ಹೆಸರನ್ನು ಲೇಬಲ್ ಮೇಲೆ ಬರೆಯಲೇಬೇಕು. ಮೈಮೇಲೆ ಉಳಿಯುವ ಕ್ರೀಮಿನಲ್ಲಿ ಶೇ. 0.001 ದಾಟಿದರೆ ಬರೆಯಬೇಕು. ತೊಳೆದುಹೋಗುವ ಸೋಪಿನಲ್ಲಿ ಶೇ. 0.01 ದಾಟಿದರೆ ಮಾತ್ರ ಬರೆಯಬೇಕು. ಹತ್ತು ಪಟ್ಟು ವ್ಯತ್ಯಾಸ. ಎಷ್ಟು ಹೊತ್ತು ಮೈಮೇಲೆ ಉಳಿಯುತ್ತದೆ ಅನ್ನುವುದಕ್ಕೆ ಕಾನೂನೇ ಕೊಟ್ಟ ಬೆಲೆ ಅದು. 2023ರಲ್ಲಿ ಪಟ್ಟಿಯನ್ನು 80ಕ್ಕೂ ಹೆಚ್ಚು ವಸ್ತುಗಳಿಗೆ ಹಿಗ್ಗಿಸಿದರು. ಮಾರುಕಟ್ಟೆಗೆ ಹೊಸದಾಗಿ ಬರುವ ಉತ್ಪನ್ನಗಳಿಗೆ 2026ರ ಜುಲೈ 31 ಗಡುವು.

ಕೆಲವನ್ನು ನಿಷೇಧಿಸಿಯೂ ಇದ್ದಾರೆ. ಲೈರಾಲ್ ಅನ್ನುವ ಹೂವಿನ ವಾಸನೆಯ ಕೃತಕ ವಸ್ತು ತುಂಬಾ ಜನರಿಗೆ ಅಲರ್ಜಿ ತಂದಿತು. 2021ರ ಆಗಸ್ಟ್ ಹೊತ್ತಿಗೆ ಯುರೋಪಿನ ಅಂಗಡಿಗಳಲ್ಲಿ ಅದು ಇರುವಂತಿರಲಿಲ್ಲ. ಲಿಲಿಯಲ್ ಅನ್ನುವುದು 2022ರ ಮಾರ್ಚ್ 1ರಿಂದ ನಿಷೇಧವಾಯಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಂತಾನಶಕ್ತಿಗೆ ಹಾನಿ ಕಂಡದ್ದು ಅದಕ್ಕೆ ಕಾರಣ. ಲೇಬಲ್ ಮೇಲೆ ಇದರ ಹೆಸರು ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಾಲ್. ಎಲ್ಲಾದರೂ ಕಂಡರೆ ಆ ಡಬ್ಬಿ ಬಿಟ್ಟುಬಿಡಿ, ಗರ್ಭಿಣಿಯರಂತೂ ಖಂಡಿತ. ಇನ್ನೂ ಹಿಂದೆ ಹೋದರೆ ಮಸ್ಕ್ ಆಂಬ್ರೆಟ್ ಅನ್ನುವ ಕೃತಕ ಕಸ್ತೂರಿ ಇತ್ತು. ಗಡ್ಡ ಬೋಳಿಸಿದ ಮೇಲೆ ಹಚ್ಚುವ ಲೋಷನ್ನುಗಳಲ್ಲಿ ಬಳಸುತ್ತಿದ್ದರು. ಬಿಸಿಲು ಬಿದ್ದಾಗ ಗಂಡಸರ ಮುಖದಲ್ಲಿ ಅಲರ್ಜಿ ಎದ್ದಿತು. ಇಲಿಗಳ ನರಗಳಿಗೂ ಹಾನಿ ಮಾಡಿತು. ಅದೂ ನಿಷೇಧವಾಯಿತು.

ಇದನ್ನೆಲ್ಲ ಓದಿದಾಗ ಎರಡು ಭಾವ ಬರುತ್ತವೆ. ತಪ್ಪು ಗೊತ್ತಾದಾಗ ತಿದ್ದುವ ವ್ಯವಸ್ಥೆ ಇದೆ ಅನ್ನುವ ಸಮಾಧಾನ ಒಂದು. ಗೊತ್ತಾಗುವ ತನಕ ದಶಕಗಟ್ಟಲೆ ಜನರ ಮೈಮೇಲೆ ಅದು ಇತ್ತಲ್ಲ ಅನ್ನುವ ಸಿಟ್ಟು ಇನ್ನೊಂದು. ನನಗೆ ಎರಡೂ ಇವೆ.

ಥ್ಯಾಲೇಟ್ ಅನ್ನುವ ರಾಸಾಯನಿಕಗಳ ಬಗ್ಗೆ ವಾಟ್ಸಾಪಿನಲ್ಲಿ ತುಂಬಾ ಹೆದರಿಕೆ ಹರಿದಾಡುತ್ತದೆ. ಅದರಲ್ಲಿ ಅರ್ಧ ನಿಜ. ಡೈಬ್ಯುಟೈಲ್ ಥ್ಯಾಲೇಟಿನಂಥ ಕೆಲವು ಹಾರ್ಮೋನುಗಳಿಗೆ ತೊಂದರೆ ಕೊಡುತ್ತವೆ, ಯುರೋಪಿನಲ್ಲಿ ಕಾಸ್ಮೆಟಿಕ್ಸಿಗೆ ಅವನ್ನು ಹಾಕುವಂತಿಲ್ಲ. ಘಮವನ್ನು ಕರಗಿಸಿಡಲು ಹೆಚ್ಚಾಗಿ ಬಳಸಿದ್ದು ಡೈಈಥೈಲ್ ಥ್ಯಾಲೇಟ್, ಅದು ಬೇರೆ. ಕ್ರೀಮಿನ ಮಟ್ಟದಲ್ಲಿ ಅದು ಸುರಕ್ಷಿತ ಅಂತ ಯುರೋಪಿನ ಸಮಿತಿ ಹೇಳಿದೆ. ಗ್ಯಾಲಕ್ಸೊಲೈಡ್ ಅನ್ನುವ ಈಗಿನ ಕೃತಕ ಕಸ್ತೂರಿ ಮಾತ್ರ ಬೇಗ ಕೊಳೆಯುವುದಿಲ್ಲ. ಹೊಳೆ ನೀರಿನಲ್ಲಿ ಸಿಕ್ಕಿದೆ, ತಾಯಿಯ ಹಾಲಿನಲ್ಲೂ ಸಿಕ್ಕಿದೆ. ಅಷ್ಟು ಪ್ರಮಾಣದಿಂದ ಮನುಷ್ಯರಿಗೆ ಹಾನಿ ಆಗಿದ್ದು ಸಾಬೀತಾಗಿಲ್ಲ. ಆದರೂ ಹಸುಗೂಸಿನ ಮೈಗೆ ಹಚ್ಚುವುದರಲ್ಲಿ ಘಮ ಯಾಕೆ ಬೇಕು? ಮಗುವಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ. ಘಮ ಇಲ್ಲದ ಎಣ್ಣೆ, ಘಮ ಇಲ್ಲದ ಸೋಪು ಸಾಕು. ಪೌಡರ್ ಬೇಕಾಗಿಯೇ ಇಲ್ಲ.

ಕೊಳ್ಳುವಾಗ, ಡಾಕ್ಟರ ಹತ್ತಿರ ಹೋಗುವಾಗ

ಚರ್ಮಕ್ಕೆ ತೊಂದರೆ ಇಲ್ಲದವರು ಹೆದರಬೇಕಿಲ್ಲ. ಘಮ ಬೇಕೆನಿಸಿದರೆ ತೊಳೆದುಹೋಗುವ ಸೋಪಿನಲ್ಲಿರಲಿ, ಸೆಂಟಾದರೆ ಬಟ್ಟೆಯ ಮೇಲಿರಲಿ. ಮುಖಕ್ಕೆ ಹಚ್ಚಿ ಇಡೀ ದಿನ ಬಿಡುವುದರಲ್ಲಿ ಬೇಡ. ನನ್ನ ಸಲಹೆ ಅಷ್ಟೇ. ಅತ್ತರು ಹಾಕುವವರೂ ಮಣಿಕಟ್ಟಿಗೆ, ಕುತ್ತಿಗೆಗೆ ಉಜ್ಜುವ ಬದಲು ಬಟ್ಟೆಗೆ ತಾಗಿಸಿಕೊಳ್ಳಬಹುದು.

ಲೇಬಲ್ ಓದುವಾಗ ಒಂದು ಎಚ್ಚರಿಕೆ. ‘ಅನ್‌ಸೆಂಟೆಡ್’ ಅಂದರೆ ವಾಸನೆ ಗೊತ್ತಾಗುವುದಿಲ್ಲ ಅಂತ ಮಾತ್ರ. ಕಚ್ಚಾವಸ್ತುಗಳ ವಾಸನೆ ಮುಚ್ಚಲು ಘಮದ ವಸ್ತುವನ್ನೇ ಹಾಕಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಅಂತ ಇದ್ದು, ಹಿಂದಿನ ಪಟ್ಟಿಯಲ್ಲೂ ಪರ್ಫ್ಯೂಮ್ ಇಲ್ಲದಿದ್ದರೆ ನಂಬಬಹುದು. ಗುಲಾಬಿ ಎಣ್ಣೆ, ಲ್ಯಾವೆಂಡರ್ ಎಣ್ಣೆ ಇದ್ದರೆ ಅದೂ ಘಮವೇ. ‘ಹೈಪೋಅಲರ್ಜೆನಿಕ್’ ಅಂತ ದೊಡ್ಡದಾಗಿ ಬರೆದದ್ದನ್ನು ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಅಲರ್ಜಿ ಬರುವುದೇ ಇಲ್ಲ ಅನ್ನುವ ಖಾತ್ರಿ ಅದಲ್ಲ.

ಹೊಸ ಕ್ರೀಮನ್ನು ಒಂದೇ ಸಲ ಕೈಗೆ ಹಚ್ಚಿ ನೋಡಿದರೆ ಅಲರ್ಜಿ ಗೊತ್ತಾಗುವುದಿಲ್ಲ. ಯಾಕೆ ಅಂತ ಮೇಲೆ ನೋಡಿದೆವು. ಮೊಣಕೈ ಒಳಭಾಗದಲ್ಲಿ, ಒಂದೇ ಜಾಗಕ್ಕೆ, ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ಏನೂ ಆಗದಿದ್ದರೆ ಮುಖಕ್ಕೆ ಹಚ್ಚಿ. ಸೋಪು, ಶಾಂಪೂಗಳಿಗೆ ಹೀಗೆ ಮಾಡಬೇಡಿ. ಹಚ್ಚಿ ಬಿಟ್ಟರೆ ಅವು ಅಲರ್ಜಿ ಇಲ್ಲದವರಿಗೂ ಉರಿಯಬಹುದು.

ಈಗಾಗಲೇ ಮುಖ ಕಪ್ಪಾಗುತ್ತಿದ್ದರೆ ಮೊದಲು ಎಲ್ಲವನ್ನೂ ನಿಲ್ಲಿಸಿ. ಕ್ರೀಮ್, ಪೌಡರ್, ಘಮದ ತಲೆಗೆಣ್ಣೆ, ಹೇರ್ ಡೈ, ಹಣೆಯ ಕುಂಕುಮ ಎಲ್ಲ. ಒಣಗಿದರೆ ಘಮವಿಲ್ಲದ ಪೆಟ್ರೋಲಿಯಂ ಜೆಲ್ಲಿ ಸಾಕು. ಆಮೇಲೆ ಚರ್ಮರೋಗ ತಜ್ಞರ ಹತ್ತಿರ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಪ್ಯಾಚ್ ಟೆಸ್ಟ್ ಮಾಡುತ್ತಾರಾ ಅಂತ ಮೊದಲೇ ಕೇಳಿ ಹೋದರೆ ಒಂದು ಓಡಾಟ ತಪ್ಪುತ್ತದೆ. ಹೋಗುವಾಗ ಬಳಸುವ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಒಂದು ಬಿಳಿ ಕ್ರೀಮ್ ಹಚ್ತಿದ್ದೆ ಡಾಕ್ಟ್ರೇ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಪ್ಯಾಚ್ ಟೆಸ್ಟಿಗೆ ಸೂಜಿ ಇಲ್ಲ, ನೋವಿಲ್ಲ. ಅನುಮಾನ ಇರುವ ವಸ್ತುಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ಘಮಕ್ಕಾಗಿಯೇ ಮಿಶ್ರಣಗಳಿವೆ. ಒಂದರಲ್ಲಿ 8 ವಸ್ತು, ಇನ್ನೊಂದರಲ್ಲಿ 6. ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ನಾಲ್ಕನೇ ದಿನದ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ಎರಡನೇ ಸಲದ ನೋಟ ತಪ್ಪಿಸಬೇಡಿ, ಎಷ್ಟೋ ಸಲ ಅಲರ್ಜಿ ಕಾಣುವುದು ಆಗಲೇ. ಸ್ಟೆರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅಥವಾ ಬೆನ್ನಿಗೆ ಸ್ಟೆರಾಯ್ಡ್ ಮುಲಾಮು ಹಚ್ಚಿದ್ದರೆ ಮೊದಲೇ ಹೇಳಬೇಕು. ಅದರಿಂದ ಅಲರ್ಜಿ ಮುಚ್ಚಿಹೋಗುತ್ತದೆ.

ಅಷ್ಟು ದಿನ ಬೆನ್ನು ಒದ್ದೆ ಆಗಬಾರದು. ಬೆವರಿದರೆ ಪಟ್ಟಿ ಕಿತ್ತುಬರುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಆಗುವ ಮಾತಲ್ಲ. ತುರ್ತು ಇಲ್ಲದಿದ್ದರೆ ನವೆಂಬರಿನಿಂದ ಜನವರಿ ಒಳಗೆ ಮಾಡಿಸಿಕೊಳ್ಳಿ. ಫಲಿತಾಂಶ ಬಂದ ಮೇಲೆ ಆಗದ ವಸ್ತುಗಳ ಹೆಸರನ್ನು ಇಂಗ್ಲಿಷಿನಲ್ಲೇ, ಒಂದು ಅಕ್ಷರವೂ ತಪ್ಪದಂತೆ ಬರೆಸಿಕೊಳ್ಳಿ. ಅದರ ಫೋಟೋ ಫೋನಿನಲ್ಲಿರಲಿ. ಅಂಗಡಿಯವರು ಮುಚ್ಚಳ ತೆಗೆಯುವ ಮೊದಲೇ ಡಬ್ಬಿ ತಿರುಗಿಸಿ, ಆ ಹೆಸರುಗಳು ಪಟ್ಟಿಯಲ್ಲಿವೆಯಾ ಅಂತ ನೋಡಿ. ಬರೀ ಪರ್ಫ್ಯೂಮ್ ಅಂತ ಇದ್ದರೆ, ಘಮದ ಅಲರ್ಜಿ ಇರುವವರು ಅದನ್ನು ಕೊಳ್ಳಬಾರದು.